ಶತ್ರುವಿನ ಹೆಸರು

1903ರಲ್ಲಿ ಬಿಹಾರದ ಮೋತಿಹಾರಿಯಲ್ಲಿ, ಆಂಗ್ಲ ಅಧಿಕಾರಿಯೊಬ್ಬನ ಮಗನಾಗಿ ಹುಟ್ಟಿದ ಎರಿಕ್ ಬ್ಲೇರ್ ಮುಂದೆ ಜಾರ್ಜ್ ಆರ್ವೆಲ್ ಎಂಬ ಹೆಸರಿನಿಂದ ಪ್ರಸಿದ್ಧನಾದನು. ತನ್ನ ಕೊನೆಯ ಕಾದಂಬರಿ '1984'ನ್ನು ಅವನು ಸ್ಕಾಟ್ಲೆಂಡಿನ ಜೂರ ದ್ವೀಪದಲ್ಲಿ ಕ್ಷಯರೋಗದಿಂದ ನರಳುತ್ತ ಬರೆದು ಮುಗಿಸಿದನು. ಅದು ಅಚ್ಚಾದದ್ದು 1949ರ ಜೂನಿನಲ್ಲಿ. ಮರುವರ್ಷದ ಜನವರಿಯಲ್ಲಿ ಆತನು ತೀರಿಕೊಂಡನು. ರಾಷ್ಟ್ರರಾಷ್ಟ್ರಗಳ ನಡುವೆ ವೈಷಮ್ಯ ತಲೆದೋರಿದಾಗಲೆಲ್ಲ ಈ ಗ್ರಂಥದ ಹೆಸರು ಕೇಳಿಬರುವುದುಂಟು. ಆ ಹೋಲಿಕೆ ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಕಾದಂಬರಿಯ ಜಗತ್ತು ಓಷಿಯಾನಿಯ, ಯುರೇಷಿಯ, ಈಸ್ಟೇಷಿಯ ಎಂಬ ಮೂರು ಮಹಾರಾಜ್ಯಗಳಾಗಿ ಹಂಚಿಹೋಗಿದೆ. ಯಾವುದೂ ಇನ್ನೊಂದನ್ನು ಗೆಲ್ಲಲಾರದು. ಆದರೂ ಯುದ್ಧ ನಿಲ್ಲುವುದಿಲ್ಲ. ಜನರ ದುಡಿಮೆಯ ಫಲವೆಲ್ಲ ಶಸ್ತ್ರಗಳಲ್ಲಿ ಕರಗಿ, ಅವರು ಎಂದೆಂದಿಗೂ ಬಡವರಾಗಿಯೇ ಉಳಿಯಬೇಕೆಂಬುದು ಆಳುವವರ ಹಂಚಿಕೆ. ಒಮ್ಮೆ ದೊಡ್ಡ ಸಭೆಯೊಂದರಲ್ಲಿ ಭಾಷಣಕಾರನ ಕೈಗೆ ಯಾರೋ ಒಂದು ಚೀಟಿಯನ್ನು ಕೊಡುತ್ತಾರೆ. ಅವನ ವಾಕ್ಯ ಮುಗಿಯುವುದರೊಳಗೆ ನಿನ್ನೆಯ ಶತ್ರು ಮಿತ್ರನಾಗಿ, ಮಿತ್ರನು ಶತ್ರುವಾಗಿರುತ್ತಾನೆ! ಹಳೆಯ ಪತ್ರಿಕೆಗಳನ್ನು ತಿದ್ದುವ ನೌಕರಿಯಲ್ಲಿರುವ ಕಥಾನಾಯಕ ವಿನ್‌ಸ್ಟನ್ ಐದು ದಿನಗಳಲ್ಲಿ ತೊಂಬತ್ತು ಗಂಟೆಗೂ ಮಿಕ್ಕಿ ದುಡಿದು, ಹಿಂದಿನ ಯುದ್ಧದ ಗುರುತೇ ಉಳಿಯದಂತೆ ಮಾಡಬೇಕಾಗುತ್ತದೆ.

ಇದು ಬರಿಯ ಕಲ್ಪನೆಯಲ್ಲ. 1939ರ ಆಗಸ್ಟ್ 23ರಂದು, ಅಲ್ಲಿಯವರೆಗೆ ಪರಸ್ಪರ ದೂಷಿಸುತ್ತಿದ್ದ ಜರ್ಮನಿ ಮತ್ತು ಸೋವಿಯತ್ ಒಕ್ಕೂಟಗಳು ಅನಾಕ್ರಮಣ ಒಪ್ಪಂದಕ್ಕೆ ಸಹಿ ಹಾಕಿದುವು. ಎರಡು ವರ್ಷ ತುಂಬುವ ಮೊದಲೇ, 1941ರ ಜೂನ್ 22ರಂದು, ಜರ್ಮನಿಯ ಸೈನ್ಯ ಸೋವಿಯತ್ ನೆಲವನ್ನು ಹೊಕ್ಕಿತು. ಎರಡು ಸಲವೂ ಮಾತನ್ನು ಬದಲಿಸಿಕೊಂಡವರನ್ನು ಆರ್ವೆಲ್ ಕಣ್ಣಾರೆ ಕಂಡಿದ್ದನು. ಇರಾನಿನೊಡನೆ ಕಾದುತ್ತಿದ್ದ ಇರಾಕಿಗೆ 1980ರ ದಶಕದಲ್ಲಿ ನೆರವಾದ ಅಮೆರಿಕ 1991ರಲ್ಲಿ ಅದೇ ಇರಾಕಿನ ಮೇಲೆ ಬಾಂಬು ಸುರಿಸಿತು. ಈ ರೋಗಕ್ಕೆ ಪಕ್ಷಭೇದವಿಲ್ಲ.

2022ರ ಫೆಬ್ರವರಿ 24ರಂದು ರಷ್ಯದ ಸೈನ್ಯ ಯುಕ್ರೇನನ್ನು ಪ್ರವೇಶಿಸಿದಾಗ, ಅಲ್ಲಿನ ಸರಕಾರ ಅದನ್ನು 'ವಿಶೇಷ ಸೈನಿಕ ಕಾರ್ಯಾಚರಣೆ' ಎಂದು ಕರೆಯಿತು. ಸೈನ್ಯದ ವಿಷಯದಲ್ಲಿ ಸುಳ್ಳು ಸುದ್ದಿ ಹರಡಿದವರಿಗೆ ಹದಿನೈದು ವರ್ಷಗಳವರೆಗೆ ಸೆರೆವಾಸ ವಿಧಿಸಬಹುದೆಂದು ಮಾರ್ಚಿಯಲ್ಲಿ ಕಾನೂನೂ ಬಂದಿತು. 'ಯುದ್ಧ' ಎಂಬ ಸಾಮಾನ್ಯ ಪದವನ್ನು ಆಡುವುದೇ ಅಪಾಯಕರವಾಯಿತು. ಕಾದಂಬರಿಯ ಪುಟವೊಂದು ಎದ್ದು ಬಂದಂತಿದೆಯಲ್ಲವೆ?

ಆದರೆ ಹೋಲಿಕೆ ಇಲ್ಲಿ ನಿಲ್ಲಬೇಕು. ಲಂಡನ್ನಿನ ಮೇಲೆ ಬೀಳುವ ಬಾಂಬುಗಳನ್ನು ಶತ್ರು ಎಸೆಯುತ್ತಿದ್ದಾನೋ, ತಮ್ಮ ಸರಕಾರವೇ ಎಸೆಯುತ್ತಿದೆಯೋ ಎಂಬುದು ಕಾದಂಬರಿಯ ಜನರಿಗೆ ತಿಳಿಯದು. ಯುಕ್ರೇನಿನ ನಿವಾಸಿಗೆ ಗಡಿ ದಾಟಿ ಬಂದವರು ಯಾರೆಂಬುದು ಚೆನ್ನಾಗಿ ಗೊತ್ತು. "ಎಲ್ಲರೂ ಒಂದೇ, ಎಲ್ಲವೂ ಆರ್ವೆಲ್ಲನ ಲೋಕವೇ" ಎಂದು ಕೈಕೊಡವಿಕೊಳ್ಳುವುದು ಜಾಣತನದಂತೆ ಕಂಡರೂ ನೊಂದವನಿಗೆ ಬಗೆದ ಅನ್ಯಾಯವೆಂದೇ ನನ್ನ ಭಾವನೆ.

ಇನ್ನೊಂದು ಸಂಗತಿ ನಮಗೆ ತೀರ ಹತ್ತಿರವಾದುದು. ಮೂರು ರಾಜ್ಯಗಳೂ ಕಿತ್ತಾಡುವ ನಾಡುಗಳ ಪಟ್ಟಿಯಲ್ಲಿ ಆರ್ವೆಲ್ ದಕ್ಷಿಣ ಭಾರತವನ್ನೂ ಸೇರಿಸಿದ್ದಾನೆ! ಅಲ್ಲಿನ ಜನ ಒಬ್ಬ ವಿಜೇತನಿಂದ ಇನ್ನೊಬ್ಬನಿಗೆ ಕೈಬದಲಾಗುವ ಅಗ್ಗದ ಕೂಲಿಗಳು, ಅವರಿಗೆ ಮಾತಿಲ್ಲ. ಇಲ್ಲಿ ಮಾತ್ರ ಆತನ ದೃಷ್ಟಿ ಸೋತಿತು. 1955ರಲ್ಲಿ ಇಂಡೊನೇಷ್ಯದ ಬಾಂಡುಂಗಿನಲ್ಲಿ ಏಷ್ಯ ಆಫ್ರಿಕಗಳ 29 ರಾಷ್ಟ್ರಗಳು ಸಭೆ ಸೇರಿದುವು. 1961ರಲ್ಲಿ ಬೆಲ್‌ಗ್ರೇಡಿನಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲ ಸಮ್ಮೇಳನ ನಡೆಯಿತು. ಆ ಅಲಿಪ್ತ ನೀತಿ ನಿರ್ದೋಷವಾಗಿತ್ತೆಂದು ಹೇಳಲಾಗದು. 1956ರಲ್ಲಿ ಸೋವಿಯತ್ ಸೈನ್ಯ ಹಂಗೇರಿಯ ಬಂಡಾಯವನ್ನು ತುಳಿದಾಗ ನಮ್ಮ ಸರಕಾರ ಖಂಡಿಸಲು ಹಿಂಜರಿಯಿತು. ಜಯಪ್ರಕಾಶ ನಾರಾಯಣರು ಆ ಹಿಂಜರಿಕೆಯನ್ನು ಬಹಿರಂಗವಾಗಿಯೇ ಟೀಕಿಸಿದರು. ಅವರ ಮಾತುಗಳನ್ನು ಹಳೆಯ ಪತ್ರಿಕೆಗಳಿಂದ ಅಳಿಸಿಹಾಕಲು ಇಲ್ಲಿ ಯಾವ ವಿನ್‌ಸ್ಟನ್ನನನ್ನೂ ನೇಮಿಸಲಿಲ್ಲ.