ಕೂಡಿ ಹತ್ತಿದ ಬೆಟ್ಟ

ಕೊಪ್ಪಳ ಸೀಮೆಯ ಯಾವ ಶಾಲೆಯ ಹಾಜರಿ ಪುಸ್ತಕವನ್ನಾದರೂ ತೆರೆದು ನೋಡಿ. ಮಲ್ಲಪ್ಪ, ಮಲ್ಲಮ್ಮ, ಮಲ್ಲಿಕಾರ್ಜುನ, ಶ್ರೀಶೈಲಪ್ಪ, ಪರ್ವತಗೌಡ ಎಂದು ಒಂದೇ ಬೆಟ್ಟದ ಹೆಸರನ್ನು ಹಂಚಿಕೊಂಡ ಮಕ್ಕಳು ಸಾಲಾಗಿ ಕುಳಿತಿರುತ್ತಾರೆ. ಆ ಬೆಟ್ಟವಾದರೋ ನಮ್ಮ ಜಿಲ್ಲೆಯಲ್ಲಿಲ್ಲ, ನಮ್ಮ ರಾಜ್ಯದಲ್ಲಿಯೂ ಇಲ್ಲ. ಯಲಬುರ್ಗಾ ತಾಲ್ಲೂಕಿನ ನಮ್ಮ ಬೇವೂರಿನಿಂದ ಮೂಡಣ ದಿಕ್ಕಿಗೆ ಮುನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿಯನ್ನು ನಡೆದರೆ, ನಲ್ಲಮಲೆಯ ಕಾಡಿನ ನಡುವೆ, ಕೃಷ್ಣೆಯ ಆಳವಾದ ಕಂದರದ ಮೇಲೆ, ಸುಮಾರು 1500 ಅಡಿ ಎತ್ತರದಲ್ಲಿ ಆ ಪುಟ್ಟ ಊರು ಸಿಕ್ಕುತ್ತದೆ. ನಕಾಶೆ ಅದನ್ನು ಶ್ರೀಶೈಲವೆಂದು ಕರೆಯುತ್ತದೆ. ನಮ್ಮ ಹಿರಿಯರು ಬರಿದೆ ‘ಪರ್ವತ’ ಎನ್ನುತ್ತಾರೆ, ಲೋಕದಲ್ಲಿ ಬೇರೊಂದು ಪರ್ವತವೇ ಇಲ್ಲವೆಂಬಂತೆ!

ಇಷ್ಟು ದೂರದ ಬೆಟ್ಟ ನಮ್ಮದಾದದ್ದು ನೆಂಟಸ್ತಿಕೆಯಿಂದ. ಅಲ್ಲಿಯ ಭ್ರಮರಾಂಬೆ ಕನ್ನಡಿಗರ ಮನೆಯ ಮಗಳು, ಮಲ್ಲಯ್ಯ ಅಳಿಯ ಎಂಬುದು ನಮ್ಮ ಜನರ ನಂಬಿಕೆ. ಯುಗಾದಿಗೆ ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೆ? ಸೀರೆ, ಕುಪ್ಪಸ, ಅರಿಸಿನ ಕುಂಕುಮ, ತೆಂಗಿನಕಾಯಿಗಳ ಗಂಟು ಕಟ್ಟಿಕೊಂಡು ತವರಿನವರು ಹೊರಡುತ್ತಾರೆ. ಅತ್ತ ನಲ್ಲಮಲೆಯ ಚೆಂಚರು, ತಮ್ಮ ಕುಲದ ಹೆಣ್ಣನ್ನು ವರಿಸಿದ ಅವನು ತಮಗೂ ಅಳಿಯನೆಂದು ‘ಚೆಂಚು ಮಲ್ಲಯ್ಯ’ನೆಂದು ಕರೆಯುತ್ತಾರೆ. ಎರಡು ತವರಿನವರ ಉಪಚಾರವನ್ನೂ ಸ್ವೀಕರಿಸಿ ಯಾರಿಗೂ ಬೇಸರವಾಗದಂತೆ ನಡೆದುಕೊಂಡು ಬಂದಿರುವ ಅಳಿಯನ ಜಾಣತನವನ್ನು ನಾವು ಮೆಚ್ಚಲೇಬೇಕು.

ಈ ನೆಂಟಸ್ತಿಕೆಗೆ ಗಡಿಗಳು ಅಡ್ಡ ಬಂದಿಲ್ಲ. 1948ರವರೆಗೆ ಯಲಬುರ್ಗಾ ನಿಜಾಮರ ಆಳ್ವಿಕೆಯಲ್ಲಿತ್ತು, ಕರ್ನೂಲು ಮದರಾಸಿಗೆ ಸೇರಿತ್ತು. 1953ರಲ್ಲಿ ಆಂಧ್ರ ರಾಜ್ಯ ಹುಟ್ಟಿತು, 1956ರಲ್ಲಿ ನಾವು ಮೈಸೂರು ರಾಜ್ಯವನ್ನು ಸೇರಿದೆವು, 2022ರಲ್ಲಿ ಶ್ರೀಶೈಲವು ಹೊಸದಾಗಿ ರಚಿತವಾದ ನಂದ್ಯಾಲ ಜಿಲ್ಲೆಯ ಪಾಲಿಗೆ ಬಂದಿತು. ನಮ್ಮ ಹಿರೇಹಳ್ಳದ ನೀರು ಇದಾವುದನ್ನೂ ಕೇಳದೆ ತುಂಗಭದ್ರೆಯನ್ನು ಸೇರಿ, ಕೃಷ್ಣೆಯೊಡನೆ ಬೆರೆತು, ಶ್ರೀಶೈಲದ ಬುಡದಲ್ಲಿ ಪಾತಾಳಗಂಗೆಯೆನಿಸಿಕೊಳ್ಳುತ್ತದೆ. ಜನರೂ ಹಾಗೆಯೇ.

ದಾರಿ ಎಂದೂ ಸುಲಭವಾಗಿರಲಿಲ್ಲ. 13ನೆಯ ಶತಮಾನದ ಪಾಲ್ಕುರಿಕೆ ಸೋಮನಾಥನು ‘ಪಂಡಿತಾರಾಧ್ಯ ಚರಿತ್ರ’ದಲ್ಲಿ ‘ಪರ್ವತ ಪ್ರಕರಣ’ವೆಂಬ ಒಂದು ಭಾಗವನ್ನೇ ಈ ಯಾತ್ರೆಗೆ ಮೀಸಲಿಟ್ಟಿದ್ದಾನೆ. 14ನೆಯ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮನು ಬೆಟ್ಟಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದನು. ಅದೇ ಶತಮಾನದ ಕೊನೆಯಲ್ಲಿ ವಿಜಯನಗರದ ಇಮ್ಮಡಿ ಹರಿಹರನ ರಾಣಿ ವಿಠಲಾಂಬೆ ಪಾತಾಳಗಂಗೆಗೆ ಇಳಿಯಲು ಸೋಪಾನ ಮಾಡಿಸಿದಳು. ಕೋಟೆ ಕಟ್ಟುವವರ ಕಾಲದಲ್ಲಿ ಯಾತ್ರಿಕರ ಕಾಲನೋವನ್ನು ನೆನೆದವರೂ ಇದ್ದರೆಂಬುದು ಸಮಾಧಾನದ ಸಂಗತಿ. 1963ರಲ್ಲಿ ನೆಹರೂ ಅವರು ಶ್ರೀಶೈಲದ ಅಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. ಈಗ ಒಳ್ಳೆಯ ರಸ್ತೆಯಿದೆ, ಬಸ್ಸುಗಳಿವೆ, ಪಾತಾಳಗಂಗೆಗೆ ಇಳಿಯಲು ಹಗ್ಗದ ತೊಟ್ಟಿಲೂ ಇದೆ. ಹೀಗಿದ್ದೂ ಯುಗಾದಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಸಹಸ್ರಾರು ಜನ ನಡೆದೇ ಹೋಗುತ್ತಾರೆ. ಕೆಲವರು ಮಲ್ಲಯ್ಯನ ಕಂಬಿಯನ್ನು ಹೆಗಲಿಗೇರಿಸಿದರೆ, ಕೆಲವರು ಮರಗಾಲು ಕಟ್ಟಿಕೊಂಡೇ ನಡೆಯುತ್ತಾರೆ. ಒಂದು ರಾತ್ರಿಯ ಬಸ್ಸಿನ ದಾರಿಗೆ ಹನ್ನೆರಡು ಹಗಲು ಸವೆಸುವುದೇಕೆ?

ಪುಣ್ಯಕ್ಕಾಗಿ ಎಂದು ಹೇಳಿ ಕೈತೊಳೆದುಕೊಳ್ಳಬಹುದು. ನನಗೆ ಬೇರೊಂದು ಕಾರಣವೂ ಕಾಣುತ್ತದೆ. ಬಸ್ಸಿನಲ್ಲಿ ಇಪ್ಪತ್ತು ಜನ ಒಟ್ಟಿಗೆ ಕುಳಿತಿರುತ್ತಾರೆ, ಅಷ್ಟೆ. ಕಾಲ್ನಡಿಗೆಯಲ್ಲಿ ಇಪ್ಪತ್ತು ಜನ ಒಬ್ಬರಿಗೊಬ್ಬರು ಒದಗಬೇಕಾಗುತ್ತದೆ. ಹಿಂಗಾರಿ ಜೋಳದ ರಾಶಿ ಮುಗಿದು, ಸಜ್ಜೆಯ ಕಟಕ ರೊಟ್ಟಿಯನ್ನೂ ಶೇಂಗಾ ಚಟ್ನಿಯನ್ನೂ ಕಟ್ಟಿಕೊಂಡು ಹೊರಟ ಮೂರನೆಯ ದಿನಕ್ಕೆ ಎಲ್ಲರ ಕಾಲಿನಲ್ಲಿಯೂ ಬೊಬ್ಬೆಗಳೇಳುತ್ತವೆ. ಹತ್ತು ಕೂರಿಗೆ ಹೊಲದ ಒಡೆಯನೂ ಅವನ ಹೊಲದಲ್ಲಿ ದುಡಿಯುವವನೂ ಒಂದೇ ಬೇವಿನ ನೆರಳಿನಲ್ಲಿ ಕುಳಿತು ಒಂದೇ ಬಟ್ಟಲಿನ ಎಣ್ಣೆಯನ್ನು ಪಾದಕ್ಕೆ ತಿಕ್ಕಿಕೊಳ್ಳುತ್ತಾರೆ. ದಾರಿಯುದ್ದಕ್ಕೂ ಗುರುತಿಲ್ಲದವರು ದಾಸೋಹವಿಟ್ಟು ಮಜ್ಜಿಗೆ ಕುಡಿಸುತ್ತಾರೆ. ಊರಿಗೆ ಮರಳಿದ ಮೇಲೆ ಹಳೆಯ ಗೋಡೆಗಳು ಮತ್ತೆ ತಲೆಯೆತ್ತುವುದುಂಟು, ನಿಜ. ಆದರೆ ಗೋಡೆಯಿಲ್ಲದೆಯೂ ಬದುಕಬಹುದೆಂದು ಹನ್ನೆರಡು ದಿನ ಕಂಡವನು ಅದನ್ನು ಪೂರ್ತಿ ಮರೆಯಲಾರ.

ಇನ್ನು ಕಾಯುವಿಕೆಯ ಮಾತು. ಯಾತ್ರೆಗೆ ಹೊರಟವರ ಲೆಕ್ಕವನ್ನು ಎಲ್ಲರೂ ಇಡುತ್ತಾರೆ, ಅವರು ಹೊರಡುವಂತಾಗಲೆಂದು ಮನೆಯಲ್ಲಿ ಉಳಿದವರ ಲೆಕ್ಕವನ್ನು ಇಡುವವರಿಲ್ಲ. ದನಗಳಿಗೆ ಮೇವು ಹಾಕಲು, ಹಾಸಿಗೆ ಹಿಡಿದ ಹಿರಿಯರನ್ನು ನೋಡಿಕೊಳ್ಳಲು ಒಬ್ಬರಾದರೂ ಬೇಕಷ್ಟೆ. ಆ ಒಬ್ಬರು ಬಹುಪಾಲು ಹೆಂಗಸೇ, ಅದರಲ್ಲಿಯೂ ವರ್ಷವರ್ಷವೂ ಅದೇ ಹೆಂಗಸು. ನಮ್ಮ ಓಣಿಯಲ್ಲಿ ಎಲ್ಲರೂ ಚಿಗವ್ವನೆಂದು ಕರೆಯುವ ಒಬ್ಬ ಹಿರಿಯಳು ಮೂವತ್ತು ವರ್ಷ ಹೀಗೆ ಉಳಿದವಳು. ಅತ್ತೆಯ ಕಾಲ ಮುಗಿದು, ಮಕ್ಕಳ ಮದುವೆಗಳಾಗಿ, 2020ರಲ್ಲಿ ಕೊನೆಗೂ ಅವಳ ಸರದಿ ಬಂದಿತು. ದೇವಿಗೆಂದು ಇಳಕಲ್ಲಿನ ಸೀರೆಯನ್ನೂ ತಂದಿಟ್ಟಿದ್ದಳು. ಅಷ್ಟರಲ್ಲಿ ಮಹಾಮಾರಿ ಬಂದಿತು. ಆ ವರ್ಷದ ಯುಗಾದಿ ಮಾರ್ಚ್ 25, ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡ ಮೊದಲನೆಯ ದಿನ. ಮರುವರ್ಷವೂ ರೋಗದ ಭಯ, ಅದರ ಮರುವರ್ಷ ಮಗಳ ಬಾಣಂತನ. ಸೀರೆ ಮೂರು ವರ್ಷ ಟ್ರಂಕಿನಲ್ಲಿಯೇ ಉಳಿಯಿತು. 2023ರಲ್ಲಿ ಅವಳು ಹೊರಟಾಗ ವಯಸ್ಸು ಅರವತ್ತೈದನ್ನು ದಾಟಿತ್ತು.

ಕಾಲೇಜಿನ ರಜೆ ಸಾಲದ್ದರಿಂದ ನಾನು ಆತ್ಮಕೂರಿನಲ್ಲಿ ನಮ್ಮೂರಿನ ಗುಂಪನ್ನು ಕೂಡಿಕೊಂಡೆ. ವೆಂಕಟಾಪುರ ದಾಟಿದರೆ ರಸ್ತೆಯಿಲ್ಲ, ನಾಗಲೂಟಿ, ಪೆದ್ದಚೆರುವುಗಳ ಮೇಲೆ ಹಾಯುವ ಕಾಡುದಾರಿ. ಅದು ಹುಲಿಗಳಿಗೆ ಮೀಸಲಾದ ಕಾಡು. ಅರಣ್ಯದವರು ಇಂಥ ಹಬ್ಬದ ಕೆಲವು ದಿನಗಳು ಮಾತ್ರ ಯಾತ್ರಿಕರನ್ನು ಅದರೊಳಗೆ ಬಿಡುತ್ತಾರೆ. ಬಿಸಿಲಿಗೆ ಎಲೆಯುದುರಿಸಿ ನಿಂತ ಮರಗಳ ನಡುವೆ, ಕಲ್ಲೊತ್ತುವ ಏರಿನಲ್ಲಿ, ಪೆದ್ದಚೆರುವಿನಿಂದ ಮುಂದೆ ಚಿಗವ್ವನ ಮೊಣಕಾಲು ಮುಷ್ಕರ ಹೂಡಿತು. ಅದು ಯುಗಾದಿಯ ಹಿಂದಿನ ದಿನ. ಆ ರಾತ್ರಿ ಶ್ರೀಶೈಲದಲ್ಲಿ ವೀರಾಚಾರದವರು ಅಗ್ನಿಕುಂಡ ಹಾಯುವುದನ್ನು ನೋಡಬೇಕೆಂಬುದು ಎಲ್ಲರ ಆಸೆ. ಇಬ್ಬರನ್ನು ಅವಳೊಡನೆ ನಿಲ್ಲಿಸಿ ಉಳಿದವರು ಮುಂದೆ ನಡೆಯೋಣವೆಂದು ಒಬ್ಬ ತರುಣ ಸೂಚಿಸಿದನು. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಚಿಗವ್ವನೇ ಅದನ್ನು ಅನುಮೋದಿಸಿದಳು:

“ನನ್ನ ಬಿಟ್ಟು ನಡೀರೆಪ್ಪಾ. ಮಲ್ಲಯ್ಯ ಎಲ್ಲಿಗೂ ಓಡಿ ಹೋಗಂಗಿಲ್ಲ. ನಾ ಹಿಂದಿಂದ ಬರ್ತೀನಿ.”

ಇಪ್ಪತ್ತು ಸಲ ಈ ದಾರಿ ನಡೆದಿದ್ದ ಗುಂಪಿನ ಹಿರಿಯರು ಕೋಲನ್ನು ಬಂಡೆಗೆ ಒರಗಿಸಿ ಕುಳಿತುಬಿಟ್ಟರು:

“ಮಲ್ಲಯ್ಯ ಓಡಿ ಹೋಗಂಗಿಲ್ಲ ಅಂದಮ್ಯಾಲ ನಾವ್ಯಾಕ ಓಡಬೇಕು, ಚಿಗವ್ವಾ? ಕುಂದ್ರು, ನೀರು ಕುಡಿ.”

ಇಪ್ಪತ್ತಮೂರು ಜನರೂ ಕುಳಿತರು. ಬಿಸಿಲಿಳಿದ ಮೇಲೆ ಹೊರಟಾಗ ಹಿರಿಯರು ಸಾಲನ್ನು ತಿರುವಿಹಾಕಿದರು: ಚಿಗವ್ವ ಎಲ್ಲರಿಗಿಂತ ಮುಂದೆ, ಗಟ್ಟಿಗಾಲಿನವರೆಲ್ಲ ಹಿಂದೆ. ಅವಳು ನಿಂತಲ್ಲಿ ಸಾಲು ನಿಂತಿತು, ಅವಳು ನಡೆದಂತೆ ನಡೆಯಿತು. ಅವಳ ಗಂಟನ್ನು ಹೊತ್ತವನು ಬೆಳಿಗ್ಗೆ ಸೂಚನೆ ಕೊಟ್ಟಿದ್ದ ಅದೇ ತರುಣ. ಆ ರಾತ್ರಿ ಕಾಡಿನ ತಂಗುದಾಣದಲ್ಲಿಯೇ ಕಳೆಯಿತು, ಅಗ್ನಿಕುಂಡ ತಪ್ಪಿಹೋಯಿತು. ಯುಗಾದಿಯ ಬೆಳಗಿನಲ್ಲಿ ಭೀಮನ ಕೊಳ್ಳವನ್ನು ಇಳಿದು, ಎದುರಿನ ಕಡಿದಾದ ಮೆಟ್ಟಿಲುಗಳನ್ನು ಒಂದೊಂದಾಗಿ ಏರಿ ಕೈಲಾಸದ್ವಾರವನ್ನು ಮುಟ್ಟಿದೆವು. ಕಮಾನಿನ ಕೆಳಗೆ ಮೊದಲು ಕಾಲಿಟ್ಟವಳು ಚಿಗವ್ವ. ಮೂರು ವರ್ಷದ ಮಡಿಕೆಯ ಗೆರೆಗಳು ಮೂಡಿದ್ದ ಆ ಸೀರೆ ಅಂದೇ ದೇವಿಯ ಸನ್ನಿಧಿಯನ್ನು ಸೇರಿತು. ತಪ್ಪಿಹೋದ ಅಗ್ನಿಕುಂಡದ ಮಾತನ್ನು ಊರಿಗೆ ಬಂದ ಮೇಲೂ ಯಾರೂ ಎತ್ತಿದ್ದನ್ನು ನಾನು ಕೇಳಲಿಲ್ಲ.

ಹನ್ನೆರಡನೆಯ ಶತಮಾನದಲ್ಲಿ ಉಡುತಡಿಯ ಅಕ್ಕಮಹಾದೇವಿ ಇದೇ ಮಲ್ಲಿಕಾರ್ಜುನನನ್ನರಸಿ ಕಲ್ಯಾಣದಿಂದ ಶ್ರೀಶೈಲದ ಕದಳಿಗೆ ಬಂದಳೆಂದು ನಮ್ಮ ಪರಂಪರೆ ಹೇಳುತ್ತದೆ. ಅವಳು ಒಬ್ಬಳೇ ನಡೆದಳು, ನಡೆಯಬಲ್ಲವಳಾಗಿದ್ದಳು. ಹಸಿವು, ಅಂಜಿಕೆ, ಸಂಸಾರ ಎಲ್ಲವನ್ನೂ ಬಿಟ್ಟವರಿಗೆ ಆ ದಾರಿ. ಗಂಟನ್ನೂ ಮೊಣಕಾಲನ್ನೂ ಮನೆಯ ಚಿಂತೆಯನ್ನೂ ಹೊತ್ತು ನಡೆಯುವ ನಮ್ಮಂಥವರಿಗೆ ಜೊತೆಗಾರರೇ ಬೇಕು. ಜೊತೆಯೆಂದರೆ ಬರಿಯ ತಲೆಯೆಣಿಕೆಯಲ್ಲ. ಗಟ್ಟಿಗರ ವೇಗಕ್ಕೆ ಸಾಗುವ ಗುಂಪು ಸಂತೆಗೆ ಹೊರಟ ಮಂದಿ. ಸೋತವರ ಹೆಜ್ಜೆಗೆ ತನ್ನ ಹೆಜ್ಜೆ ಹೊಂದಿಸಿದ ಗುಂಪು ಮಾತ್ರ ಯಾತ್ರೆ.

ಪಟ್ಟಣವಾಸಿಗಳಾದ ವಾಚಕರು ಶ್ರೀಶೈಲಕ್ಕೆ ನಡೆದೇ ಹೋಗಬೇಕೆಂದು ನಾನು ಹೇಳುವುದಿಲ್ಲ. ಮಡಿಕೇರಿಗೋ ಕೆಮ್ಮಣ್ಣುಗುಂಡಿಗೋ ಮನೆಮಂದಿಯೆಲ್ಲ ಕೂಡಿ ಹೋಗಬೇಕೆಂದು ಹತ್ತು ವರ್ಷದಿಂದ ಮಾತಾಡಿಕೊಳ್ಳುತ್ತಿರುವ ಕುಟುಂಬಗಳು ಬೇಕಾದಷ್ಟಿವೆ. ಬರುವ ಬೇಸಗೆಗೆ ಹೊರಡುವುದಾದರೆ ಎರಡೇ ಕೆಲಸ ಮಾಡಿ. ಹೆಸರುಗಳ ಪಟ್ಟಿ ಬರೆಯುವಾಗ, ಪ್ರತಿ ಸಲವೂ ‘ನೀವು ಹೋಗಿ ಬನ್ನಿ, ನಾನು ಮನೆ ನೋಡಿಕೊಳ್ಳುತ್ತೇನೆ’ ಎನ್ನುವವರು ಯಾರೋ ಅವರ ಹೆಸರನ್ನು ಎಲ್ಲರಿಗಿಂತ ಮೊದಲು ಬರೆಯಿರಿ. ಬೆಟ್ಟದ ಬುಡವನ್ನು ಮುಟ್ಟಿದ ಮೇಲೆ ಅವರನ್ನೇ ಮುಂದೆ ಬಿಟ್ಟು ನೀವು ಹಿಂದೆ ನಡೆಯಿರಿ. ನೋಡಬೇಕಾದ ಒಂದೆರಡು ಸ್ಥಳಗಳು ತಪ್ಪಿಹೋಗಬಹುದು, ತಪ್ಪಲಿ.