ನಲವತ್ತೆರಡನೇ ದಿನದ ನಂತರ

ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟರೆ ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯ ಹೆಣ್ಣುಮಕ್ಕಳ ಸೊಂಟಕ್ಕೆ ಬಿಡುವಿಲ್ಲ. ಮುಕ್ಕುಂದದಂಥ ಹೊಳೆದಂಡೆಯ ಊರಿರಲಿ, ವಲಸೆ ಬಂದವರ ಕ್ಯಾಂಪುಗಳಿರಲಿ, ಭತ್ತದ ನಾಟಿ ಎಂದರೆ ಎಕರೆ ಲೆಕ್ಕದ ಗುತ್ತಿಗೆ. ಕೆಸರಿನಲ್ಲಿ ಬಗ್ಗಿ, ಹಿಂದಕ್ಕೆ ಸರಿಯುತ್ತ ಸಸಿ ಊರಬೇಕು. ಗುಂಪಿನಲ್ಲಿ ಒಬ್ಬಳು ನಿಧಾನವಾದರೆ ಎಲ್ಲರ ಕೂಲಿಗೂ ಪೆಟ್ಟು. ಅಲ್ಲಿ ಕೆಮ್ಮಿದಾಗ, ಸಸಿಯ ಕಟ್ಟು ಎತ್ತಿದಾಗ ಉಚ್ಚೆ ಜಿನುಗಿದರೆ ಯಾರಿಗೂ ತಿಳಿಯುವುದಿಲ್ಲ; ಗದ್ದೆಯ ನೀರಿಗೆ ಸೀರೆ ಮೊದಲೇ ತೊಯ್ದಿರುತ್ತದೆ. ಬಾಯಿಬಿಟ್ಟು ಹೇಳಿಕೊಂಡರೂ ಹಿರಿಯರಿಂದ ಬರುವ ಮಾತು ಒಂದೇ: ‘ಹಡದ ಮ್ಯಾಲ ಇದೆಲ್ಲ ಇದ್ದದ್ದೇ ಬಿಡವ್ವಾ.’

ಇದ್ದದ್ದೇ ಹೌದು. ಹೆತ್ತ ಮೊದಲ ವರ್ಷ ಸುಮಾರು ಮೂವರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆ. ಆದರೆ ಜೀವನವಿಡೀ ಸಹಿಸಬೇಕೆಂದು ಯಾರು ಹೇಳಿದರು? ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಕೆಳಗಿನಿಂದ ಜೋಲಿಯಂತೆ ಹೊತ್ತು ನಿಂತ ಸ್ನಾಯುಗಳು ಹೆರಿಗೆಯಲ್ಲಿ ವಿಪರೀತ ಹಿಗ್ಗುತ್ತವೆ, ಕೆಲವರಲ್ಲಿ ಮೂಳೆಯಿಂದಲೇ ಕಿತ್ತುಬರುತ್ತವೆ. ಹರಿದ ಗಾಯ ಗುದದ್ವಾರದ ಬಿಗಿಸ್ನಾಯುವಿನ ತನಕ ಹೋಗಿದ್ದರೆ ಆ ಹೊತ್ತಿಗೇ ಗುರುತಿಸಿ ಹೊಲಿಯಬೇಕು. ತಪ್ಪಿದರೆ ಮಲ ತಡೆಯುವುದೂ ಕಷ್ಟ. ಇಂಥ ಹಾನಿಗೆ ಕಾರಣವಾಗಬಲ್ಲ, ಹೊಟ್ಟೆಯನ್ನು ಮೇಲಿನಿಂದ ಒತ್ತಿ ಮಗುವನ್ನು ಇಳಿಸುವ ರೂಢಿ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲೇ ಹೇಳಿದೆ. ಹೆರಿಗೆಯಲ್ಲಿ ಈ ಸ್ನಾಯುಗಳಿಗೆ ಬಿದ್ದ ಪೆಟ್ಟು ಎಷ್ಟೋ ಸಲ ಮುಟ್ಟು ನಿಂತ ಮೇಲೆ, ಗರ್ಭಕೋಶ ಕೆಳಗೆ ಜಾರಿದಾಗ ಪೂರ್ತಿ ಕಾಣುತ್ತದೆ.

ಅಷ್ಟು ಹೊತ್ತಿಗೆ ಬಸಿರು, ಬಾಣಂತನದ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ಎಲ್ಲಿರುತ್ತದೋ! ಬಾಣಂತಿಗಾಗಿ ಆಶಾ ಕಾರ್ಯಕರ್ತೆ ಮನೆಗೆ ಬರುವುದು ನಲವತ್ತೆರಡನೇ ದಿನದವರೆಗೆ, ಬಂದಾಗಲೂ ಕಣ್ಣು ಹೆಚ್ಚಾಗಿ ಕೂಸಿನ ತೂಕದ ಮೇಲೆ. ಆಮೇಲೆ ತಾಯಿಯನ್ನು ಕೇಳುವವರಿಲ್ಲ. ಇದು ಹೊಸದೂ ಅಲ್ಲ. 1989ರಲ್ಲಿ ರಾಣಿ ಬಂಗ್ ಮತ್ತು ಅಭಯ್ ಬಂಗ್ ಎಂಬ ವೈದ್ಯ ದಂಪತಿ ಮಹಾರಾಷ್ಟ್ರದ ಗಡಚಿರೋಲಿಯ ಎರಡು ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ ವರದಿ ಪ್ರಕಟಿಸಿದರು. ಶೇ 92ರಷ್ಟು ಮಂದಿಗೆ ಸ್ತ್ರೀರೋಗಗಳಿದ್ದವು. ಮೊದಲು ಎಂದಾದರೂ ಪರೀಕ್ಷೆಗೆ ಒಳಗಾದವರು ಶೇ 8 ಮಾತ್ರ.

ಕೇಳುವವರಿಲ್ಲದ ಕಡೆ ಕತ್ತರಿ ಬೇಗ ಬರುತ್ತದೆ. ನಮ್ಮ ಭಾಗದ ಕಲಬುರಗಿಯಲ್ಲಿ ಬಡ ಲಂಬಾಣಿ, ದಲಿತ ಹೆಣ್ಣುಮಕ್ಕಳ ಗರ್ಭಕೋಶಗಳನ್ನು ಅಗತ್ಯವಿಲ್ಲದೆ ತೆಗೆದ ಪ್ರಕರಣ 2015ರ ಹೊತ್ತಿಗೆ ಬಯಲಾಗಿ ಹೋರಾಟವೇ ನಡೆಯಿತು. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಿತು. ಗರ್ಭಚೀಲ ತೆಗೆಸಿದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆ ನನಗೆ ಸಿಟ್ಟು ತರಿಸುತ್ತದೆ. ಸಡಿಲವಾದ ತಳ ಸಡಿಲವಾಗಿಯೇ ಉಳಿಯುತ್ತದೆ. ತೆಗೆದ ಮೇಲೂ ಯೋನಿಯ ಮೇಲ್ಭಾಗವೇ ಜಾರಿ ಹೊರಬರಬಹುದು.

ಕತ್ತರಿಗೆ ಮೊದಲೇ ಬೇರೆ ದಾರಿಗಳಿವೆ. ಅಮೆರಿಕದ ವೈದ್ಯ ಆರ್ನಾಲ್ಡ್ ಕೆಗಲ್ 1948ರಲ್ಲಿ ತೋರಿಸಿಕೊಟ್ಟ ವ್ಯಾಯಾಮಕ್ಕೆ ಒಂದು ಪೈಸೆ ಖರ್ಚಿಲ್ಲ. ಉಚ್ಚೆ ಮತ್ತು ಗಾಳಿ ತಡೆಯುವಾಗ ಬಿಗಿಯುವ ಸ್ನಾಯುವನ್ನು ಒಳಕ್ಕೂ ಮೇಲಕ್ಕೂ ಎಳೆದು, ಕೆಲವು ಕ್ಷಣ ಹಿಡಿದು, ಪೂರ್ತಿ ಸಡಿಲಬಿಡಬೇಕು, ಉಸಿರು ಬಿಗಿಹಿಡಿಯಬಾರದು. ಒಂದು ಸಲಕ್ಕೆ ಎಂಟು-ಹತ್ತು ಬಾರಿ, ದಿನಕ್ಕೆ ಮೂರು ಸಲ, ಕಡಿಮೆಯೆಂದರೆ ಮೂರು ತಿಂಗಳು. ಉಚ್ಚೆ ಹೊಯ್ಯುವಾಗಲೇ ಮಾಡುವುದು ಬೇಡ. ಮಗುವಿಗೆ ಹಾಲು ಕೊಡುತ್ತ ಕುಳಿತಾಗ ಮಾಡಬಹುದು. ಗರ್ಭಕೋಶ ಜಾರಿದವರಿಗೆ ಒಳಗಿನಿಂದ ಆಧಾರ ಕೊಡುವ ಸಿಲಿಕೋನ್ ರಿಂಗ್ ಇದೆ. ಅಳತೆ ನೋಡಿ ವೈದ್ಯರು ಕೂಡಿಸುತ್ತಾರೆ, ಕೆಲವು ತಿಂಗಳಿಗೊಮ್ಮೆ ತೆಗೆದು ತೊಳೆದು ನೋಡಬೇಕು. ಇವೆರಡಕ್ಕೂ ಬಗ್ಗದಿದ್ದರೆ ಶಸ್ತ್ರಚಿಕಿತ್ಸೆಯ ಮಾತು. ಅದರಲ್ಲೂ ಗರ್ಭಕೋಶ ಉಳಿಸಿಕೊಂಡು ಮೇಲೆತ್ತಿ ಕಟ್ಟುವ ದಾರಿಗಳಿವೆ.

ಫ್ರಾನ್ಸಿನಲ್ಲಿ ಹೆತ್ತವರಿಗೆ ಈ ಸ್ನಾಯುಗಳ ಮರುತರಬೇತಿಯ ಹತ್ತು ಪಾಠಗಳಿಗೆ ಸರ್ಕಾರಿ ವಿಮೆಯೇ ಹಣ ಕೊಡುತ್ತದೆ. ನಾನು ಅಷ್ಟು ದೊಡ್ಡದು ಕೇಳುತ್ತಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರು ಆಸ್ಪತ್ರೆಗಳಲ್ಲಿ ಎಲ್ಲ ಅಳತೆಯ ರಿಂಗ್‌ಗಳು ಸಿಗಲಿ, ವಾರಕ್ಕೆ ಒಂದು ದಿನ ಫಿಸಿಯೋಥೆರಪಿಸ್ಟ್ ಕೂರಲಿ. ತಾಯಿ ಕಾರ್ಡ್‌ನಲ್ಲಿ ಎರಡು ಸಾಲು ಸೇರಲಿ: ಉಚ್ಚೆ, ಮಲ ತಡೆಯಲು ಆಗುತ್ತದೆಯೇ? ಕೆಳಗೆ ಏನಾದರೂ ಜಗ್ಗಿದಂತೆ ಆಗುತ್ತದೆಯೇ? ಲಸಿಕೆಗೆಂದು ಕೂಸನ್ನು ಎತ್ತಿಕೊಂಡು ಬಂದ ತಾಯಿಗೆ ನರ್ಸಮ್ಮ ಪ್ರತಿ ಸಲವೂ ಈ ಪ್ರಶ್ನೆಗಳನ್ನು ಕೇಳಲಿ, ಗಂಡ, ಅತ್ತೆ ಪಕ್ಕದಲ್ಲಿ ಇಲ್ಲದಾಗ.