ಇನ್ಸುಲಿನ್ ಗಿಡ ಮತ್ತು ಬಿಟ್ಟಿ ಸಲಹೆ

ಮೊನ್ನೆ ಅಕ್ಕನ ಮಗನನ್ನು ಕರ್ಕೊಂಡು ಕೆಮ್ಮಣ್ಣುಗುಂಡಿಗೆ ಹೋಗಿದ್ದೆ. ಹನ್ನೆರಡು ವರ್ಷದ ಹುಡುಗ, ಟೈಪ್ 1 ಡಯಾಬಿಟಿಸ್. ಝಡ್ ಪಾಯಿಂಟ್ ಹತ್ತುವಾಗ ಅರ್ಧ ದಾರೀಲಿ ಕೂತುಬಿಟ್ಟ. ಮೈಯೆಲ್ಲಾ ಬೆವರು, ಕೈ ನಡುಕ. ಬೆರಳು ಚುಚ್ಚಿ ನೋಡಿದ್ರೆ ಶುಗರ್ 58! ಎಪ್ಪತ್ತಕ್ಕಿಂತ ಇಳಿದರೆ ತಡ ಮಾಡುವಂತಿಲ್ಲ. ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಕದಡಿ ಕುಡಿಸಿದೆ.

ಹಿಂದೆ ಬರುತ್ತಿದ್ದ ಹಿರಿಯರೊಬ್ಬರು ವಿಷಯ ಕೇಳಿ ಹೌಹಾರಿದರು. "ಅಲ್ರೀ, ಸಕ್ಕರೆ ಕಾಯಿಲೆ ಹುಡುಗನಿಗೆ ಸಕ್ಕರೆ ಕೊಡ್ತಿದೀರಲ್ಲ! ಚಾಕೊಲೇಟ್ ತಿನ್ನಿಸಿಯೇ ಹೀಗಾಗಿರೋದು. ಆ ಸೂಜಿ ಬಿಡ್ಸಿ, ದಿನಾ ಎರಡು ಇನ್ಸುಲಿನ್ ಗಿಡದ ಎಲೆ ತಿನ್ಸಿ."

ಪ್ರೀತಿಯಿಂದಲೇ ಹೇಳಿದ್ದು. ನನಗೆ ಭಯ ಆಗಿದ್ದೂ ಅದಕ್ಕೇ.

ಸ್ವಾಮೀ, ಟೈಪ್ 1 ಚಾಕೊಲೇಟಿನಿಂದ ಬರಲ್ಲ. ದೇಹದ ರೋಗನಿರೋಧಕ ಶಕ್ತಿಯೇ ದಾರಿ ತಪ್ಪಿ, ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ನಾಶ ಮಾಡುತ್ತೆ. ಅಪ್ಪ-ಅಮ್ಮನ ತಪ್ಪಲ್ಲ, ಮಗುವಿನ ತಪ್ಪಂತೂ ಅಲ್ಲವೇ ಅಲ್ಲ. ಇನ್ನು ಆ ಎಲೆ... ಅದರಲ್ಲಿ ನಿಜವಾದ ಇನ್ಸುಲಿನ್ನೇ ಇದೆ ಅಂತ ಒಪ್ಪಿಕೊಳ್ಳೋಣ. ಇನ್ಸುಲಿನ್ ಒಂದು ಪ್ರೋಟೀನು. ಬಾಯಿಂದ ತಿಂದ್ರೆ ಹೊಟ್ಟೆ ಅದನ್ನು ತೊಗರಿಬೇಳೆಯ ಹಾಗೆ ಅರಗಿಸಿಬಿಡುತ್ತೆ. ಸೂಜಿ ಚುಚ್ಚುವುದು ಶೋಕಿಗಲ್ಲ!

1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲೆನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಕೊಟ್ಟರು. ಅದಕ್ಕೂ ಮುಂಚೆ ವೈದ್ಯರ ಕೈಲಿ ಇದ್ದದ್ದು ಮಕ್ಕಳನ್ನು ಅರೆಹೊಟ್ಟೆ ಕೆಡವಿ ಸಾವನ್ನು ಒಂದಿಷ್ಟು ದಿನ ಮುಂದೂಡುವ ಉಪಾಯ ಮಾತ್ರ. ಇವತ್ತು ಇನ್ಸುಲಿನ್ ಬಿಡಿಸಿದರೆ ಆ ಮಗುವನ್ನು ವಾಪಸ್ ಅದೇ ಕಾಲಕ್ಕೆ ಕಳಿಸಿದಂತೆ. ವಾಂತಿ, ಏದುಸಿರು, ಮಂಪರು, ಕೆಲವೇ ದಿನಗಳಲ್ಲಿ ಜೀವಕ್ಕೇ ಸಂಚಕಾರ.

ಮನೆಮದ್ದಿನ ಬಗ್ಗೆ ಬರೆಯುವ ಬ್ಲಾಗ್ ಗೆಳೆಯರೇ, ನಿಮ್ಮಲ್ಲಿ ಒಂದೇ ಕೋರಿಕೆ. "ಶುಗರ್‌ಗೆ ರಾಮಬಾಣ" ಅಂತ ಶೀರ್ಷಿಕೆ ಕೊಡುವ ಮುಂಚೆ, ಓದುವವರಲ್ಲಿ ಒಬ್ಬ ತಾಯಿ ಇರಬಹುದು ಅಂತ ನೆನೆಸಿಕೊಳ್ಳಿ. ದಿನಕ್ಕೆ ನಾಲ್ಕು ಸಲ ಸ್ವಂತ ಮಗುವಿಗೆ ಸೂಜಿ ಚುಚ್ಚಿ ಸೋತಿರುವ ತಾಯಿ. ಎಲೆ ಸಾಕು ಅಂದ್ರೆ ನಂಬೋಕೆ ಅವಳ ಮನಸ್ಸು ಕಾದು ಕೂತಿರುತ್ತೆ. "ಟೈಪ್ 1 ಇದ್ದರೆ ಇನ್ಸುಲಿನ್ ನಿಲ್ಲಿಸಬೇಡಿ" ಅಂತ ಒಂದು ಸಾಲು ಸೇರಿಸಿದರೆ ನಿಮ್ಮ ಗಂಟೇನು ಹೋಗುತ್ತೆ?

ಅಂದಹಾಗೆ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿದಾಗ ಶುಗರ್ 96. ಎರಡು ಬಿಸ್ಕತ್ತು ತಿಂದು, "ಮಾಮ, ಬೇಗ ಬಾ" ಅಂತ ನನಗಿಂತ ಮುಂಚೆ ಗುಡ್ಡದ ತುದಿ ಮುಟ್ಟಿದ :)